ಮೊಳ, ಮಾರು, ಮೀಟರು: ಹದಿಹರೆಯದವರ ಆರ್ಕಿಟೆಕ್ಚರ್ ಬೇಸಿಗೆ ಶಿಬಿರದ ಒಂದು ಪ್ರಕರಣ ಅಧ್ಯಯನ

ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಆರ್ಕಿಟೆಕ್ಚರ್ ಪರಿಚಯಿಸುವ ಶಿಬಿರಗಳು ಹೆಚ್ಚಾಗಿ ಮೊದಲ ದಿನವೇ ಎಡವುತ್ತವೆ. ಬಂದ ಮಕ್ಕಳ ಕೈಗೆ ಹಾಳೆ ಕೊಟ್ಟು ‘ನಿಮ್ಮ ಕನಸಿನ ಮನೆ ಬರೆಯಿರಿ’ ಎನ್ನುತ್ತಾರೆ. ಹಾಳೆಯ ಮೇಲೆ ಈಜುಕೊಳ, ಸುರುಳಿ ಮೆಟ್ಟಿಲು, ಗಾಜಿನ ಗೋಡೆ ಎಲ್ಲ ಬರುತ್ತವೆ, ಅಳತೆ ಮಾತ್ರ ಬರುವುದಿಲ್ಲ. ಕೊನೆಯ ದಿನ ಥರ್ಮಾಕೋಲಿನ ಮನೆ ಹಿಡಿದು ಫೋಟೊ ತೆಗೆಸಿಕೊಂಡ ಹುಡುಗ, ಆರ್ಕಿಟೆಕ್ಚರ್ ಅಂದರೆ ಕತ್ತರಿಸಿ ಅಂಟಿಸುವ ಕೆಲಸ ಅಂದುಕೊಂಡು ಮನೆಗೆ ಹೋಗುತ್ತಾನೆ. ಎರಡು ವರ್ಷ ಕಳೆದು ಕಾಲೇಜು ಸೇರಿ ಮೊದಲ ಸೆಮಿಸ್ಟರಿನಲ್ಲೇ ಕಂಗಾಲಾಗುತ್ತಾನೆ.

ಇಲ್ಲಿ ವಿವರಿಸಿರುವುದು ಯಾವುದೋ ಒಂದು ಸಂಸ್ಥೆಯ ವರದಿಯಲ್ಲ. ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನೂ ಎಡವಟ್ಟಾಗುವುದನ್ನೂ ಒಂದೇ ಶಿಬಿರದ ಚೌಕಟ್ಟಿಗೆ ಕೂಡಿಸಿಕೊಂಡ ಮಾದರಿ ಪ್ರಕರಣ. ಊರು ಮೈಸೂರು, ಅಲ್ಲಿನ ಬಿಸಿಲಿನ ಕೋನಗಳು ಲೆಕ್ಕ ಹಾಕಿ ಪಡೆದವು. ಅವಧಿ ಏಪ್ರಿಲ್ ಮೂರನೇ ವಾರದಿಂದ ಎರಡು ವಾರ, ಸೋಮವಾರದಿಂದ ಶುಕ್ರವಾರ, ಒಟ್ಟು ಹತ್ತು ದಿನ. ಮಕ್ಕಳು 24, ಹೆಚ್ಚಿನವರು ಎಸ್ಸೆಸ್ಸೆಲ್ಸಿ ಬರೆದು ಕೂತವರು, ಕೆಲವರು ಮೊದಲ ಪಿಯುಸಿ ಮುಗಿಸಿದವರು. ನಾಲ್ವರಂತೆ ಆರು ತಂಡ. ಕಲಿಸುವವರು ನಾಲ್ವರು: ಇಬ್ಬರು ವೃತ್ತಿಯಲ್ಲಿರುವ ಆರ್ಕಿಟೆಕ್ಟರು, ಇಬ್ಬರು ಕಾಲೇಜಿನ ಕೊನೇ ವರ್ಷದ ವಿದ್ಯಾರ್ಥಿಗಳು.

ಏಪ್ರಿಲ್ ಎಂಬ ಆಯ್ಕೆಗೆ ಕಾರಣವಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿರುತ್ತದೆ, ಪಿಯುಸಿಗೆ ಯಾವ ಕಾಂಬಿನೇಶನ್ ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಆರ್ಕಿಟೆಕ್ಚರ್ ಪದವಿಯಾದ ಬಿ.ಆರ್ಕ್ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಓದಿರಲೇಬೇಕು. ಗಣಿತ ಬಿಟ್ಟವರಿಗೆ ಆ ಬಾಗಿಲು ಅಲ್ಲಿಗೇ ಮುಚ್ಚಿತು. ಇದೇ ಶಿಬಿರವನ್ನು ಎರಡನೇ ಪಿಯುಸಿ ಮುಗಿದ ಮೇಲೆ ಮಾಡಿದರೆ ಅರ್ಧ ಪ್ರಯೋಜನ ಆಗಲೇ ಕೈಬಿಟ್ಟಿರುತ್ತದೆ.

ಹೂ ಮಾರುವವರಿಗೆ ಒಂದು ನೆರಳು

ಹತ್ತು ದಿನಕ್ಕೂ ಒಂದೇ ಕೆಲಸ. ಬಡಾವಣೆಯ ದೇವಸ್ಥಾನದ ಎದುರು, ಕಾಂಪೌಂಡಿಗೆ ಬೆನ್ನು ಕೊಟ್ಟು, ಪಶ್ಚಿಮಕ್ಕೆ ಮುಖ ಮಾಡಿ ಇಬ್ಬರು ಹೆಂಗಸರು ಹೂ ಮಾರುತ್ತಾರೆ. ಮಧ್ಯಾಹ್ನ ಮೂರೂವರೆಗೆ ಬುಟ್ಟಿ ಇಳಿಸಿದರೆ ಏಳೂವರೆವರೆಗೆ ಅಲ್ಲೇ. ಅವರಿಗೊಂದು ನೆರಳು ಮಾಡಬೇಕು, ಉದ್ದ 2.4 ಮೀಟರ್, ಆಳ 1.8 ಮೀಟರ್ ಮೀರಬಾರದು. ಪಾದಚಾರಿಗಳಿಗೆ ದಾರಿ ಬಿಡಬೇಕು. ಮಳೆ ಬಂದರೆ ಹೂ ಒದ್ದೆಯಾಗಬಾರದು.

ಇಷ್ಟು ಸಣ್ಣ ಕೆಲಸ ಕೊಟ್ಟಿದ್ದಕ್ಕೆ ಮೊದಲ ದಿನ ಮಕ್ಕಳ ಮುಖ ಸಪ್ಪಗಾಗುವುದು ಸಹಜ. ಮಾಲ್, ಮೆಟ್ರೊ ಸ್ಟೇಶನ್ ಅಂತ ಕನಸು ಕಟ್ಟಿಕೊಂಡು ಬಂದವರು ಅವರು. ಆದರೆ ಕೆಲಸ ದೊಡ್ಡದಾದಷ್ಟೂ ಹದಿನೈದರ ಹುಡುಗ ಅಳತೆಯಿಂದ ದೂರ ಸರಿಯುತ್ತಾನೆ. ಒಬ್ಬರು ಕೂತು ಕೈ ಚಾಚುವಷ್ಟು ಜಾಗವಾದರೆ ಪ್ರತಿ ಸೆಂಟಿಮೀಟರಿಗೂ ‘ಯಾಕೆ’ ಎಂದು ಕೇಳಬಹುದು, ಉತ್ತರವನ್ನು ಅಂಗಳದಲ್ಲೇ ಪರೀಕ್ಷಿಸಬಹುದು.

ಹೂವನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣ ಮೊಳ. ನಮ್ಮ ಊರುಗಳಲ್ಲಿ ಮೈ ಅಳತೆ ಇಂದಿಗೂ ದಿನಬಳಕೆಯಲ್ಲಿರುವುದು ಹೂವಿನ ಬುಟ್ಟಿಯ ಮುಂದೆ. ಮೊದಲ ದಿನ ಬೆಳಗ್ಗೆ ಪರಿಚಯ ಭಾಷಣದ ಬದಲು ಪ್ರತಿಯೊಬ್ಬರೂ ತಮ್ಮ ಗೇಣು, ಮೊಳ, ಮಾರು, ಹೆಜ್ಜೆ, ಕೂತಾಗ ನೆಲದಿಂದ ಕಣ್ಣಿನ ಎತ್ತರ, ನಿಂತಾಗ ಕೈಗೆಟುಕುವ ಎತ್ತರ ಅಳೆದು ಗೋಡೆಗೆ ಅಂಟಿಸಿದ ಉದ್ದದ ಹಾಳೆಯಲ್ಲಿ ಬರೆಯುತ್ತಾರೆ. ಮೊಳ 40ರಿಂದ 47 ಸೆಂಟಿಮೀಟರ್ ನಡುವೆ ಓಡಾಡುತ್ತದೆ. ಮಾರು ಹೆಚ್ಚುಕಡಿಮೆ ಅವರವರ ಎತ್ತರದಷ್ಟೇ. ‘ಹಾಗಾದ್ರೆ ಉದ್ದ ಕೈಯವರ ಹತ್ರ ಹೂ ತಗೊಂಡ್ರೆ ಲಾಭ’ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಅಲ್ಲಿಂದ ಪಾಠ ತಾನಾಗಿ ಶುರು: ಯಾರ ಮೈಗೆ ಕಟ್ಟುತ್ತಿದ್ದೇವೆ, ಎಷ್ಟು ಮಂದಿಗೆ ಹೊಂದಬೇಕು, ಸರಾಸರಿ ಹಿಡಿದರೆ ಯಾರು ಹೊರಗುಳಿಯುತ್ತಾರೆ. ಆ ಹಾಳೆ ಹತ್ತು ದಿನವೂ ಗೋಡೆಯ ಮೇಲಿರಬೇಕು. ಮಕ್ಕಳು ಪ್ರಮಾಣಿತ ಅಳತೆಗಳ ಪುಸ್ತಕಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಾರೆ.

ಟೇಪು ಹಿಡಿದಾಗ

ಮೊದಲ ದಿನ ಮಧ್ಯಾಹ್ನ ತಾವು ಕೂತ ಕೋಣೆಯನ್ನೇ ಅಳೆದು ಬರೆಯುವ ಕೆಲಸ. ಬೇಕಾದ್ದು ತಂಡಕ್ಕೊಂದು 5 ಮೀಟರಿನ ಸ್ಟೀಲ್ ಟೇಪು, ಒಟ್ಟಿಗೆ ಒಂದು 30 ಮೀಟರಿನ ಬಟ್ಟೆ ಟೇಪು, ಚೌಕುಳಿ ಪುಸ್ತಕ, ಪೆನ್ಸಿಲ್. ಒಬ್ಬರು ಟೇಪಿನ ಕೊಂಡಿ ಹಿಡಿಯುತ್ತಾರೆ, ಒಬ್ಬರು ಓದುತ್ತಾರೆ, ಒಬ್ಬರು ಬರೆಯುತ್ತಾರೆ, ನಾಲ್ಕನೆಯವರು ಬರೆದದ್ದನ್ನು ಗಟ್ಟಿಯಾಗಿ ತಿರುಗಿ ಓದುತ್ತಾರೆ. ನಾಲ್ಕನೆಯವರ ಕೆಲಸ ದಂಡ ಎನಿಸಬಹುದು. ಅದನ್ನು ಕೈಬಿಟ್ಟ ತಂಡದಲ್ಲಿ ಸಂಜೆ ಹೊತ್ತಿಗೆ ಕೋಣೆಯ ಒಂದು ಗೋಡೆ ಇನ್ನೊಂದನ್ನು ಸೇರುವುದಿಲ್ಲ.

ತಪ್ಪುಗಳು ಪ್ರತಿ ಸಲವೂ ಅವೇ. ಟೇಪಿನ ಒಂದು ಅಂಚಿನಲ್ಲಿ ಇಂಚು, ಇನ್ನೊಂದರಲ್ಲಿ ಸೆಂಟಿಮೀಟರ್. 5 ಅಡಿ 6 ಇಂಚನ್ನು ‘5.6’ ಎಂದು ಬರೆದರೆ ಲೆಕ್ಕದಲ್ಲಿ ಅದು 5 ಅಡಿ 7.2 ಇಂಚು ಆಗಿಬಿಡುತ್ತದೆ. ಆದ್ದರಿಂದ ಶಿಬಿರದಲ್ಲಿ ಎಲ್ಲ ಅಳತೆಯೂ ಮಿಲಿಮೀಟರಿನಲ್ಲಿ, ದಶಮಾಂಶವೇ ಇಲ್ಲದೆ. ಮೇಸ್ತ್ರಿ ಬಂದ ದಿನ ಅಡಿ-ಇಂಚಿನಲ್ಲಿ ಮಾತಾಡಿದರೆ ಬಾಯಲ್ಲೇ ಬದಲಾಯಿಸಿಕೊಳ್ಳುವುದೂ ಒಂದು ಅಭ್ಯಾಸ. ಎರಡನೆಯ ತಪ್ಪು, ಗೋಡೆಯಿಂದ ಕಿಟಕಿ, ಕಿಟಕಿ, ಕಿಟಕಿಯಿಂದ ಬಾಗಿಲು ಅಂತ ತುಂಡುತುಂಡಾಗಿ ಅಳೆದು ಕೂಡುವುದು. ಪ್ರತಿ ತುಂಡಿನಲ್ಲೂ ನಾಲ್ಕೈದು ಮಿಲಿಮೀಟರ್ ಸೋರಿ ಕೊನೆಗೆ ಎರಡು ಇಂಚು ನಾಪತ್ತೆ. ಟೇಪನ್ನು ಮೂಲೆಯಲ್ಲಿ ಊರಿ, ಅಲುಗಿಸದೆ, ಒಂದೇ ಸೊನ್ನೆಯಿಂದ ಎಲ್ಲವನ್ನೂ ಓದುತ್ತ ಹೋಗಬೇಕು.

ಮೂರನೆಯದು ಹೆಚ್ಚು ಪಾಠ ಕಲಿಸುವಂಥದ್ದು. ನಾಲ್ಕು ಗೋಡೆ ಅಳೆದರೆ ಕೋಣೆ ಗೊತ್ತಾಯಿತು ಎಂದುಕೊಳ್ಳುತ್ತಾರೆ. 3 ಮೀಟರಿಗೆ 4 ಮೀಟರಿನ ಕೋಣೆಯ ಮೂಲೆಗಳು ನಿಜಕ್ಕೂ ಲಂಬಕೋನವಾಗಿದ್ದರೆ ಮೂಲೆಯಿಂದ ಮೂಲೆಗೆ 5 ಮೀಟರ್ ಸರಿಯಾಗಿ ಬರಬೇಕು. ಒಂದು ಕಡೆ 5.06, ಇನ್ನೊಂದು ಕಡೆ 4.94 ಬಂತೋ, ಕೋಣೆ ಓರೆಯಾಗಿದೆ. ಹಳೇ ಕಟ್ಟಡದಲ್ಲಿ ಶಿಬಿರ ನಡೆಸಿದರೆ ಇದು ಕಾಣದೆ ಇರುವುದೇ ಅಪರೂಪ. ಗಾರೆ ಕೆಲಸದವರು ದಾರ ಕಟ್ಟಿ 3-4-5 ಹಿಡಿಯುವುದನ್ನು ಆ ಸಂಜೆ ಅಂಗಳದಲ್ಲಿ ತೋರಿಸಿದರೆ, ಪೈಥಾಗೊರಸ್ ಪ್ರಮೇಯವನ್ನು ಪರೀಕ್ಷೆಗೆ ಉರು ಹೊಡೆದು ಬಂದ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಎರಡನೇ ದಿನ ಬೆಳಗ್ಗೆ ದೇವರಾಜ ಮಾರುಕಟ್ಟೆ. ಎಂಟು ಗಂಟೆಯೊಳಗೆ ಹೋಗಿ ಹತ್ತಕ್ಕೆ ವಾಪಸು, ಅದಕ್ಕಿಂತ ತಡವಾದರೆ ವ್ಯಾಪಾರಕ್ಕೆ ಅಡ್ಡಿ. ಅಲ್ಲಿ ಚಿತ್ರ ಬಿಡಿಸುವ ಕೆಲಸವಿಲ್ಲ, ಮೂರೇ ಪ್ರಶ್ನೆ: ಬೆಳಕು ಎಲ್ಲಿಂದ ಬರುತ್ತದೆ, ನೀರು ಎಲ್ಲಿಗೆ ಹೋಗುತ್ತದೆ, ಸಾಮಾನು ಎಷ್ಟು ಎತ್ತರದಲ್ಲಿದೆ. 2016ರ ಆಗಸ್ಟ್‌ನಲ್ಲಿ ಈ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಕುಸಿದದ್ದು, ಅದಕ್ಕೂ ನಾಲ್ಕು ವರ್ಷ ಮೊದಲು ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಬಿದ್ದು ಜೀವಹಾನಿಯಾದದ್ದು ಮೈಸೂರಿನ ಮಕ್ಕಳಿಗೆ ಮನೆಯಲ್ಲಿ ಕೇಳಿ ಗೊತ್ತಿರುತ್ತದೆ. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ಅಲ್ಲೇ ಎದ್ದರೆ ಏಳಲಿ, ಆದರೆ ಕಲಿಸುವವರು ತೀರ್ಪು ಕೊಡಬಾರದು. ಸೋರುವ ಮಾಳಿಗೆ, ನೀರು ಕುಡಿದ ಸುಣ್ಣದ ಗಾರೆ, ಬಿರುಕಿನಲ್ಲಿ ಬೇರು ಬಿಟ್ಟ ಅರಳಿ ಸಸಿ, ಇವು ಹಳೇ ಗೋಡೆಯನ್ನು ಹೇಗೆ ತಿನ್ನುತ್ತವೆ ಎಂಬುದನ್ನು ತೋರಿಸಿದರೆ ಸಾಕು.

ಹೂ ಮಾರುವವರ ಜೊತೆಗಿನ ಮಾತಿಗೆ ನಿಯಮಗಳಿವೆ. ಒಂದು ಸಲಕ್ಕೆ ಮೂವರಿಗಿಂತ ಹೆಚ್ಚು ಮಕ್ಕಳು ಹೋಗಬಾರದು. ಮೊದಲು ಹೂ ಕೊಳ್ಳಬೇಕು. ಮುಖದ ಫೋಟೊ ಬೇಡ. ‘ನಿಮಗೆ ಎಂಥ ಅಂಗಡಿ ಬೇಕಕ್ಕಾ?’ ಎಂದು ಕೇಳಬಾರದು, ಅದಕ್ಕೆ ‘ಏನಾದ್ರೂ ಮಾಡ್ಕೊಡಿ’ ಎಂಬ ಉತ್ತರವಲ್ಲದೆ ಬೇರೆ ಬರುವುದಿಲ್ಲ. ‘ಮೊನ್ನೆ ಮಳೆ ಬಂದಾಗ ಏನ್ ಮಾಡಿದ್ರಕ್ಕಾ?’ ಎಂದು ಕೇಳಿದರೆ ಗೋಣಿತಟ್ಟು, ಪ್ಲಾಸ್ಟಿಕ್ ಶೀಟು, ಪಕ್ಕದ ಕಾಯಿ ಅಂಗಡಿಯ ಮೆಟ್ಟಿಲು ಎಲ್ಲ ಮಾತಿನಲ್ಲಿ ಬರುತ್ತವೆ. ‘ಮಂಡಿ ನೋವು ಕಣವ್ವ, ಕೂತ್ರೆ ಏಳಕ್ಕಾಗಲ್ಲ’ ಎಂಬ ಒಂದು ಮಾತು ಮುಂದೆ ಇಡೀ ವಿನ್ಯಾಸವನ್ನೇ ತಿರುಗಿಸುತ್ತದೆ. ಮುಖ್ಯವಾಗಿ, ಕಟ್ಟಿಕೊಡುತ್ತೇವೆ ಎಂಬ ಆಸೆ ಹುಟ್ಟಿಸಬಾರದು. ಇದು ಮಕ್ಕಳ ಕಲಿಕೆ ಎಂದು ಮೊದಲೇ ಹೇಳಬೇಕು, ಪ್ರತಿ ತಂಡವೂ ಹೇಳಬೇಕು.

ಬಿಸಿಲು ಉತ್ತರಕ್ಕೂ ಬರುತ್ತದೆ

ಅಂಗಳದಲ್ಲಿ 1 ಮೀಟರಿನ ನೆಟ್ಟಗಿನ ಕೋಲು ನಿಲ್ಲಿಸಿ, ತೂಗುಗುಂಡು ಹಿಡಿದು ನೇರ ಮಾಡಿ, ಅರ್ಧ ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುವುದು ಮೂರನೇ ದಿನದ ಕೆಲಸ. ಮೈಸೂರಿನ ಅಕ್ಷಾಂಶ 12.3 ಡಿಗ್ರಿ ಉತ್ತರ. ಏಪ್ರಿಲ್ 22ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಅದೂ ಗಡಿಯಾರದ ಹನ್ನೆರಡಕ್ಕಲ್ಲ, 12 ಗಂಟೆ 22 ನಿಮಿಷದ ಹೊತ್ತಿಗೆ. ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಅಲ್ಲಿಂದ ಆಗಸ್ಟ್ 20ರ ಆಸುಪಾಸಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಯೂಟ್ಯೂಬಿನ ವಿಡಿಯೊ ನೋಡಿ ‘ದಕ್ಷಿಣಕ್ಕೆ ಸಜ್ಜಾ ಕೊಟ್ಟರೆ ಸಾಕು’ ಎಂದು ನಂಬಿ ಬಂದವರಿಗೆ ಇದು ದೊಡ್ಡ ಆಘಾತ. ಆ ವಿಡಿಯೊಗಳು ಯುರೋಪು, ಅಮೆರಿಕದ ಬಿಸಿಲಿಗೆ ಮಾಡಿದವು.

ನಮ್ಮ ಕೆಲಸಕ್ಕೆ ಬೇಕಾದ್ದು ಸಂಜೆಯ ಬಿಸಿಲು. ನಾಲ್ಕು ಗಂಟೆಗೆ ಕೋಲಿನ ನೆರಳು ಪೂರ್ವಕ್ಕೆ ಸುಮಾರು 1.33 ಮೀಟರ್, ಅಂದರೆ ಸೂರ್ಯನ ಎತ್ತರ 37 ಡಿಗ್ರಿ. ಐದಕ್ಕೆ ನೆರಳು 2.4 ಮೀಟರ್ ದಾಟುತ್ತದೆ, ಎತ್ತರ 22 ಡಿಗ್ರಿ. ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ಗೋಪುರದ ನೆರಳಿನ ಲೆಕ್ಕ ಮಾಡಿ ಬಂದವರು ಇವರು. ಅದೇ ಲೆಕ್ಕ ಇಲ್ಲಿ ಒಬ್ಬರ ಮುಖದ ಮೇಲೆ ಬೀಳುವ ಬಿಸಿಲಾಗಿದೆ.

ಬೋರ್ಡು, ಬ್ಲೇಡು, ಅಂಟು

ಇದನ್ನು ಚುಟುಕಾಗಿ ಹೇಳಬಹುದು. ತಂಡಕ್ಕೆ 2 ಮಿಲಿಮೀಟರಿನ ಗ್ರೇ ಬೋರ್ಡ್ ಎ1 ಅಳತೆಯ ಎರಡು ಹಾಳೆ, ಎರಡು ಎ3 ಕಟಿಂಗ್ ಮ್ಯಾಟ್, ಎರಡು 30 ಸೆಂಟಿಮೀಟರಿನ ಸ್ಟೀಲ್ ಸ್ಕೇಲು, ಎರಡು ಕಟರ್, ಮಾಸ್ಕಿಂಗ್ ಟೇಪು, ಫೆವಿಕಾಲ್, ಬಟರ್ ಪೇಪರಿನ ಒಂದು ರೋಲು. ನಾಲ್ವರಿಗೆ ಎರಡೇ ಕಟರ್ ಕೊಡುವುದು ಬೇಕೆಂದೇ. ಇಬ್ಬರು ಕತ್ತರಿಸುವಾಗ ಇನ್ನಿಬ್ಬರು ಬರೆಯುತ್ತಾರೆ.

ಗಾಯವಾಗುವುದು ಹೆಚ್ಚಾಗಿ ಸ್ಕೇಲು ಒತ್ತಿ ಹಿಡಿದ ಕೈಯ ತೋರುಬೆರಳಿಗೆ, ಬೆರಳ ತುದಿ ಸ್ಕೇಲಿನ ಅಂಚಿನಿಂದ ಹೊರಗೆ ಇಣುಕಿದಾಗ. ಒಂದೇ ಏಟಿಗೆ ಬೋರ್ಡ್ ತುಂಡಾಗಬೇಕೆಂದು ಒತ್ತಿದರೆ ಬ್ಲೇಡು ಜಾರುತ್ತದೆ. ಹಗುರಾಗಿ ನಾಲ್ಕೈದು ಸಲ ಎಳೆಯಬೇಕು. ಮೊಂಡಾದ ಬ್ಲೇಡೇ ಹೆಚ್ಚು ಅಪಾಯ, ತುದಿ ಮುರಿದು ಮುಚ್ಚಳವಿರುವ ಡಬ್ಬಿಗೆ ಹಾಕಬೇಕು, ಕಸದ ಬುಟ್ಟಿಗಲ್ಲ. ಫೆವಿಕಾಲ್ ಧಾರಾಳವಾಗಿ ಬಳಿದರೆ ನೀರು ಕುಡಿದ ಬೋರ್ಡ್ ಬೆಳಗ್ಗೆ ಹೊತ್ತಿಗೆ ಹಪ್ಪಳದಂತೆ ಸೊಟ್ಟಗಾಗಿರುತ್ತದೆ. ಅಂಚಿಗೆ ತೆಳ್ಳಗೆ ಹಚ್ಚಿ, ಮಾಸ್ಕಿಂಗ್ ಟೇಪಿನಿಂದ ಹಿಡಿದು, ಇಪ್ಪತ್ತು ನಿಮಿಷ ಮುಟ್ಟದೆ ಬಿಡಬೇಕು. ಥರ್ಮಾಕೋಲಿಗೆ ಫೆವಿಕ್ವಿಕ್ ಹಾಕಿದವರಿಗೆ ತೂತು ಕಾಣಿಸಿಕೊಂಡು ಪಾಠ ತಾನಾಗಿ ಆಗುತ್ತದೆ. ಈ ಶಿಬಿರದಲ್ಲಿ ಥರ್ಮಾಕೋಲ್ ಇಲ್ಲವೇ ಇಲ್ಲ. ಅದರಲ್ಲಿ ಎಲ್ಲವೂ ದಪ್ಪ, ಎಲ್ಲವೂ ಬಿಳಿ, ಎಲ್ಲವೂ ನಿಂತುಬಿಡುತ್ತದೆ. ಯಾವುದು ಯಾವುದನ್ನು ಹೊತ್ತಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಡ್ರಾಯಿಂಗ್ ಕಲಿಸುವಾಗ ಸೆಕ್ಷನ್ ಎಂಬ ಪದ ಬಹಳ ಮಕ್ಕಳಿಗೆ ತಲೆಗೆ ಹೋಗುವುದಿಲ್ಲ. ಒಂದು ದೊಣ್ಣೆಮೆಣಸಿನಕಾಯಿ ಅಡ್ಡ ಕೊಯ್ದು ತೋರಿಸಿದರೆ ಪ್ಲಾನ್, ಇನ್ನೊಂದನ್ನು ಉದ್ದಕ್ಕೆ ಸೀಳಿದರೆ ಸೆಕ್ಷನ್. ಬ್ಲೇಡು ತಾಗಿದ ಅಂಚನ್ನು 2ಬಿ ಪೆನ್ಸಿಲಿನಲ್ಲಿ ದಪ್ಪಗೆ, ಆಚೆಗೆ ಕಾಣುವುದನ್ನು ಎಚ್ ಪೆನ್ಸಿಲಿನಲ್ಲಿ ತೆಳ್ಳಗೆ. ಎಲ್ಲ ಗೆರೆಯನ್ನೂ ಒಂದೇ ದಪ್ಪಕ್ಕೆ ಎಳೆದ ಹಾಳೆಯನ್ನು ಮಾರು ದೂರ ಹಿಡಿದರೆ ಏನೂ ಕಾಣುವುದಿಲ್ಲ. ಅದನ್ನು ಹಿಡಿದು ತೋರಿಸಿದರೆ ಸಾಕು, ವಿವರಿಸಬೇಕಿಲ್ಲ. ಕಂಪ್ಯೂಟರ್ ಮೊದಲ ವಾರ ಪೂರ್ತಿ ಮುಚ್ಚಿರುತ್ತದೆ. ಪರದೆಯ ಮೇಲೆ ಚಕ್ರ ತಿರುಗಿಸಿದರೆ ಬಾಗಿಲು ಹಿಗ್ಗುತ್ತದೆ, ಕುಗ್ಗುತ್ತದೆ, ಅದು ಎಷ್ಟು ದೊಡ್ಡದು ಎಂದು ಮೈಗೆ ಗೊತ್ತಾಗುವುದಿಲ್ಲ.

ಐದನೇ ದಿನದ ಜ್ಯೂರಿ: ಆರರಲ್ಲಿ ಐದು ಚಾವಣಿ

ಮೊದಲ ವಾರದ ಶುಕ್ರವಾರ ಜ್ಯೂರಿ, ಅಂದರೆ ಕಲಿಸುವವರು ಪ್ರತಿ ತಂಡದ ಕೆಲಸ ನೋಡಿ ಪ್ರಶ್ನೆ ಕೇಳುವ ಸುತ್ತು. ಅದಕ್ಕೆ ಆರು ತಂಡದಿಂದಲೂ 1:10 ಪ್ರಮಾಣದ ಮಾದರಿ ಬರುತ್ತದೆ, ಅಂದರೆ 24 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಆಳ. ಪ್ರಮಾಣ ಇದಕ್ಕಿಂತ ಸಣ್ಣದಾದರೆ ಕೂತ ಮನುಷ್ಯನನ್ನು ಬೋರ್ಡಿನಲ್ಲಿ ಕತ್ತರಿಸಿ ಕೂರಿಸುವುದು ಕಷ್ಟ. ಮನುಷ್ಯನಿಲ್ಲದ ಮಾದರಿಯನ್ನು ಜ್ಯೂರಿಗೆ ಇಡುವಂತಿಲ್ಲ, ಇದೊಂದು ಕಟ್ಟುನಿಟ್ಟು.

ಸಾಮಾನ್ಯವಾಗಿ ಕಾಣುವ ಚಿತ್ರ ಇದು: ಆರರಲ್ಲಿ ಐದರ ಚಾವಣಿ ಮುಂದಕ್ಕೆ ಇಳಿಜಾರು. ಯಾಕೆ ಎಂದು ಕೇಳಿದರೆ ‘ಮುಂದೆ ಇಳಿದಿದ್ರೆ ಚೆನ್ನಾಗ್ ಕಾಣ್ಸತ್ತೆ ಸರ್’. ಆಗ ಲೆಕ್ಕ ಮಾಡಿಸಬೇಕು. ಚಾವಣಿ 2.4 ಗುಣಿಸು 1.8, ಅಂದರೆ 4.32 ಚದರ ಮೀಟರ್. ಬೇಸಿಗೆಯ ಒಂದು ಮಳೆ 20 ಮಿಲಿಮೀಟರ್ ಸುರಿಯಿತೆಂದರೆ ಸುಮಾರು 86 ಲೀಟರ್ ನೀರು. ಆರು ಬಿಂದಿಗೆಗೆ ಹತ್ತಿರ. ಅದಷ್ಟೂ ಹೂ ಕೊಳ್ಳಲು ಬಗ್ಗಿದವರ ಬೆನ್ನ ಮೇಲೆ. ಹಾಗಾದರೆ ಹಿಂದಕ್ಕೆ ಇಳಿಸೋಣ ಎಂದರೆ ಹಿಂದೆ ದೇವಸ್ಥಾನದ ಕಾಂಪೌಂಡು, ಗೋಡೆ ಬುಡದಲ್ಲಿ ನೀರು ನಿಲ್ಲುತ್ತದೆ. ಪಕ್ಕಕ್ಕೆ ಇಳಿಸಿ, ನೀರು ಹರಿಯುವ ಒಂದು ದೋಣಿ ಕೊಟ್ಟು ಚರಂಡಿಗೆ ಬಿಡುವುದು ಯಾವ ತಂಡಕ್ಕೂ ಮೊದಲು ಹೊಳೆಯುವುದಿಲ್ಲ.

ನಾಲ್ಕು ಕಂಬದ ಮೇಲೆ ಚಾವಣಿ ಇಟ್ಟ ಮಾದರಿಗಳನ್ನು ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ವಾಲುತ್ತವೆ. ಒಂದು ಮೂಲೆಯಿಂದ ಇನ್ನೊಂದಕ್ಕೆ ಓರೆ ಕಡ್ಡಿ ಕೊಟ್ಟ ತಕ್ಷಣ ನಿಲ್ಲುತ್ತವೆ. ಇದು ಬೇಗ ಅರ್ಥವಾಗುತ್ತದೆ. ಫ್ಯಾನಿನ ಮುಂದಿಟ್ಟು ಗಾಳಿ ಪರೀಕ್ಷೆ ಮಾಡಿಸುವುದೂ ಉಂಟು. ಚಾವಣಿ ಹಾರಿದಾಗ ಮಕ್ಕಳಿಗೆ ಖುಷಿಯೋ ಖುಷಿ. ಆದರೆ ಮೇಜಿನ ಫ್ಯಾನಿನ ಗಾಳಿಗೂ ಊರಿನ ಬಿರುಗಾಳಿಗೂ ಹೋಲಿಕೆಯಿಲ್ಲ, ಯಾವ ಕೂಡಿಕೆ ಬಡವಾಗಿದೆ ಎಂದಷ್ಟೇ ಅದರಿಂದ ತಿಳಿಯಬಹುದು.

ಇನ್ನು ಬಿಸಿಲು. ಇದೇ ಇಡೀ ಪ್ರಕರಣದ ನಡುಗಂಟು. ನಾಲ್ಕು ಗಂಟೆಗೆ ಆರೂ ಮಾದರಿಗಳನ್ನು ಅಂಗಳಕ್ಕೆ ಒಯ್ದು, ಮುಂಭಾಗ ಪಶ್ಚಿಮಕ್ಕೆ ತಿರುಗಿಸಿ ಇಟ್ಟರೆ ಸಾಕು, ಬೇರೆ ಉಪಕರಣ ಬೇಡ. ಮೊಬೈಲ್ ಟಾರ್ಚು ಹಿಡಿದು ಒಳಗೇ ಪರೀಕ್ಷೆ ಮಾಡುವ ಅಭ್ಯಾಸವಿದೆ. ಟಾರ್ಚಿನ ಬೆಳಕು ಹತ್ತಿರದಿಂದ ಹರಡಿಕೊಂಡು ಬೀಳುತ್ತದೆ, ನೆರಳು ಸುಳ್ಳು ಹೇಳುತ್ತದೆ. ಅಂಗಳದಲ್ಲಿ ಆರೂ ಮಾದರಿಯ ಬೋರ್ಡಿನ ಹೆಂಗಸಿನ ಮುಖಕ್ಕೆ ಬಿಸಿಲು ಬಡಿಯುತ್ತದೆ. ಆರಕ್ಕೆ ಆರು.

ಲೆಕ್ಕ ಇಷ್ಟು. ಚಾವಣಿಯ ಮುಂದಿನ ಅಂಚು 2.1 ಮೀಟರ್ ಎತ್ತರ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಕಣ್ಣು 70 ಸೆಂಟಿಮೀಟರ್ ಎತ್ತರದಲ್ಲಿ. 37 ಡಿಗ್ರಿಯ ಬಿಸಿಲು ಕಣ್ಣಿಗೆ ತಾಗಬಾರದೆಂದರೆ ಅವರು ಆ ಅಂಚಿನಿಂದ 1.86 ಮೀಟರ್ ಒಳಗೆ ಕೂರಬೇಕು. ಇರುವ ಜಾಗದ ಆಳವೇ 1.8. ಕೂರುವುದು ನಡುವೆ, ಮುಂದಿನ ಅಂಚಿನಿಂದ 90 ಸೆಂಟಿಮೀಟರ್ ಒಳಗೆ. ಮಕ್ಕಳ ಮೊದಲ ಮದ್ದು ಚಾವಣಿ ತಗ್ಗಿಸುವುದು, ತಲೆ ತಾಗುತ್ತದೆ. ಎರಡನೆಯದು ಚಾವಣಿಯನ್ನು ಮುಂದಕ್ಕೆ ಚಾಚುವುದು, ಫುಟ್‌ಪಾತು ಮುಚ್ಚುತ್ತದೆ. ಮೂರನೆಯದು ಮುಂದೆ ಪರದೆ ಇಳಿಬಿಡುವುದು. ಐದು ಗಂಟೆಯ 22 ಡಿಗ್ರಿ ಬಿಸಿಲಿಗೆ ಆ ಪರದೆ ನೆಲದಿಂದ 1.07 ಮೀಟರ್‌ವರೆಗೆ ಇಳಿಯಬೇಕು. ಗಿರಾಕಿಗೆ ಹೂವೂ ಕಾಣುವುದಿಲ್ಲ, ಹೂ ಮಾರುವವರೂ ಕಾಣುವುದಿಲ್ಲ.

ಇಲ್ಲಿ ಕಲಿಸುವವರು ಬಾಯಿ ಬಿಡಬಾರದು, ಪೆನ್ಸಿಲಂತೂ ಮುಟ್ಟಲೇಬಾರದು. ಇಂಥ ಶಿಬಿರಗಳಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಈ ಗಳಿಗೆಯಲ್ಲಿ: ಹಿರಿಯರು ತಡೆಯಲಾಗದೆ ಮಗುವಿನ ಹಾಳೆಯ ಮೇಲೇ ಗೆರೆ ಎಳೆದು ಉತ್ತರ ಬರೆದುಬಿಡುತ್ತಾರೆ. ಆಮೇಲೆ ಆ ವಿನ್ಯಾಸ ಮಗುವಿನದಲ್ಲ. ಏನಾದರೂ ತೋರಿಸಲೇಬೇಕಾದರೆ ಮೇಲೆ ಬಟರ್ ಪೇಪರ್ ಹಾಸಿ ಅದರ ಮೇಲೆ ಬರೆದು, ಹೋಗುವಾಗ ಕಿತ್ತುಕೊಂಡು ಹೋಗಬೇಕು.

ಈ ತೊಡಕಿಗೆ ಉತ್ತರವು ಗೋಡೆಯ ಮೇಲಿನ ಹಾಳೆಯಲ್ಲೂ, ಎರಡನೇ ದಿನದ ಟಿಪ್ಪಣಿಯಲ್ಲೂ ಇರುತ್ತದೆ. ‘ಮಂಡಿ ನೋವು, ಕೂತ್ರೆ ಏಳಕ್ಕಾಗಲ್ಲ.’ ಕೂರುವ ಜಾಗವನ್ನು ಒಂದು ಮೊಳ, 45 ಸೆಂಟಿಮೀಟರ್, ಎತ್ತರಿಸಿದರೆ ಕಾಲು ಇಳಿಬಿಟ್ಟು ಎದ್ದೇಳಬಹುದು. ಕಣ್ಣು 1.15 ಮೀಟರಿಗೆ ಏರುತ್ತದೆ. ಆಗ ಐದು ಗಂಟೆಯ ಬಿಸಿಲಿಗೆ ಪರದೆ 1.5 ಮೀಟರ್‌ವರೆಗೆ ಇಳಿದರೆ ಸಾಕು, ಅಂದರೆ ಚಾವಣಿಯಿಂದ ಬರೀ 60 ಸೆಂಟಿಮೀಟರಿನ ಪಟ್ಟಿ. ನಿಂತ ಗಿರಾಕಿಗೆ ಅದರ ಕೆಳಗಿನಿಂದ ಬುಟ್ಟಿ ಕಾಣುತ್ತದೆ. ಹೂ ಕೊಡುವ ಕೈ, ತೆಗೆದುಕೊಳ್ಳುವ ಕೈ ಒಂದೇ ಎತ್ತರಕ್ಕೆ ಬರುತ್ತವೆ, ಯಾರೂ ಬಗ್ಗಬೇಕಿಲ್ಲ. ಸೆಕ್ಷನನ್ನು 1:10ರಲ್ಲಿ ಬರೆದು ಕೋನಮಾಪಕ ಇಟ್ಟು ಗೆರೆ ಎಳೆದರೆ ಇಷ್ಟೂ ಕಾಣುತ್ತದೆ. ಟ್ಯಾನ್ ಬೆಲೆ ಮರೆತವರಿಗೂ ತೊಂದರೆಯಿಲ್ಲ.

ಈ ಹೊತ್ತಿಗೆ ಯಾರಾದರೊಬ್ಬರು ‘ಇದು ಜಗಲಿ ಅಲ್ವಾ?’ ಎನ್ನುತ್ತಾರೆ. ಆ ಮಾತು ಬರುವವರೆಗೆ ಕಾಯಬೇಕು. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ‘ಸ್ಪೇಸ್’, ‘ಕಾನ್ಸೆಪ್ಟ್’, ‘ಟ್ರಾನ್ಸಿಶನ್’ ಎಂಬ ಮಾತುಗಳ ನಡುವೆ ಮೂರು ದಿನ ತುಟಿ ಬಿಚ್ಚಿರುವುದಿಲ್ಲ. ಜಗಲಿ, ಪಡಸಾಲೆ, ನಡುಮನೆ, ತೊಟ್ಟಿ, ಹಿತ್ತಿಲು ಎಂದು ಶುರುಮಾಡಿದರೆ ಇಂಗ್ಲಿಷ್ ಶಾಲೆಯವರಿಗಿಂತ ಇವರೇ ಮುಂದೆ, ಯಾಕೆಂದರೆ ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗಗಳಿಗೆ ಇವರ ಹತ್ತಿರ ಹೆಸರಿದೆ. ಜ್ಯೂರಿ ಯಾವ ಭಾಷೆಯಲ್ಲಿ ನಡೆಯಬೇಕು ಎಂಬುದನ್ನು ಸೌಜನ್ಯದ ಪ್ರಶ್ನೆ ಎಂದುಕೊಳ್ಳುವವರಿದ್ದಾರೆ. ಯಾರ ವಿನ್ಯಾಸ ಸುಧಾರಿಸುತ್ತದೆ ಎಂಬುದೇ ಅದರ ಮೇಲೆ ನಿಂತಿದೆ.

ಒಂದು ಲೆಕ್ಕಾಚಾರದ ಮಾತು. ತಂಡಕ್ಕೆ 20 ನಿಮಿಷ ಎಂದರೆ ಒಬ್ಬರೇ ಕಲಿಸುವವರು ಆರು ತಂಡ ಸುತ್ತಲು ಎರಡು ಗಂಟೆ. ಕೊನೇ ತಂಡ ಅಷ್ಟೂ ಹೊತ್ತು ಮೊಬೈಲ್ ನೋಡುತ್ತದೆ. ಇಬ್ಬಿಬ್ಬರಂತೆ ಎರಡು ಜೋಡಿ ಮಾಡಿಕೊಂಡರೆ ಒಂದೇ ಗಂಟೆ. ಜೋಡಿಯಲ್ಲಿ ಒಬ್ಬರು ಮಾತಾಡಿದರೆ ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಬರೆದ ಚೀಟಿ ತಂಡಕ್ಕೆ ಸೇರುತ್ತದೆ. ಬೈಗುಳ ಬಿದ್ದಂತೆ ಕೇಳಿಸಿಕೊಂಡ ಮಗು ಮರುದಿನ ಚೀಟಿ ಓದಿದಾಗ ಅಲ್ಲಿ ಬರೀ ಎರಡು ಪ್ರಶ್ನೆ ಇರುವುದು ಕಾಣುತ್ತದೆ.

ರಂಗೋಲಿಯಲ್ಲಿ ಪ್ಲಾನ್, ಬಿದಿರಿನಲ್ಲಿ ಚಪ್ಪರ

ಎರಡನೇ ವಾರದ ಸೋಮವಾರ ಆರೂ ತಂಡ ತಮ್ಮ ತಿದ್ದಿದ ಪ್ಲಾನನ್ನು ಅಂಗಳದಲ್ಲಿ ನಿಜ ಅಳತೆಗೆ ರಂಗೋಲಿ ಪುಡಿಯಲ್ಲಿ ಎಳೆಯುತ್ತವೆ. ದಾರ ಕಟ್ಟಿ 3-4-5 ಹಿಡಿದು, ಮೂಲೆಯಿಂದ ಮೂಲೆಗೆ ಪರೀಕ್ಷಿಸಿ. 2.4 ಗುಣಿಸು 1.8ಕ್ಕೆ ಅದು ಸರಿಯಾಗಿ 3 ಮೀಟರ್ ಬರಬೇಕು. ಜಾಗಕ್ಕೆ ಆ ಅಳತೆ ಕೊಟ್ಟಿದ್ದೂ ಅದಕ್ಕೇ. ಗೆರೆಯೊಳಗೆ ಇಬ್ಬರು ಬುಟ್ಟಿ ಇಟ್ಟುಕೊಂಡು ಕೂತು ನೋಡಬೇಕು. ಹಾಳೆಯ ಮೇಲೆ ಧಾರಾಳ ಕಂಡದ್ದು ಅಲ್ಲಿ ಮೊಣಕೈಗೆ ಮೊಣಕೈ ತಾಗುತ್ತದೆ. ಮಂಡಿಯಿಂದ ಮಂಡಿಗೆ ಒಬ್ಬರಿಗೆ 75 ಸೆಂಟಿಮೀಟರ್, ಹೂ ಕಟ್ಟುವ ಕೈ ಆಡಲು ಇನ್ನಷ್ಟು ಎಂಬುದು ಆಗ ಕಾಣುತ್ತದೆ. ಚುಕ್ಕಿ ರಂಗೋಲಿ ಹಾಕಿ ಅಭ್ಯಾಸವಿದ್ದವರ ತಂಡ ಬೇಗ ಮುಗಿಸುತ್ತದೆ. ಸಮಾನ ಅಂತರದ ಚುಕ್ಕಿಗಳ ಮೇಲೆ ಯೋಚಿಸುವುದು ಅವರಿಗೆ ಹೊಸದಲ್ಲ.

ಆರರಲ್ಲಿ ಒಂದನ್ನು ನಿಜ ಅಳತೆಗೆ ಕಟ್ಟಬೇಕು. ಯಾವುದನ್ನು ಎಂಬುದಕ್ಕೆ ಮತ ಹಾಕಿಸಬಾರದು, ಗೆಳೆತನ ಗೆಲ್ಲುತ್ತದೆ. ಬಿಸಿಲು, ನೀರು, ಏಳುವ ಕೂರುವ ಸುಲಭ, ಎರಡು ದಿನದಲ್ಲಿ ಮುಗಿಯುವುದೇ ಎಂಬ ನಾಲ್ಕು ಪ್ರಶ್ನೆಗೆ ಪ್ರತಿ ತಂಡವೂ ಉಳಿದ ಐದರ ಬಗ್ಗೆ ಬರೆದುಕೊಡಬೇಕು. ಸಾಮಗ್ರಿ: 4ರಿಂದ 5 ಸೆಂಟಿಮೀಟರ್ ದಪ್ಪದ ಬಿದಿರು, 2.7 ಮೀಟರ್ ಉದ್ದದ್ದು ಹದಿನಾಲ್ಕು, ತೆಂಗಿನ ನಾರಿನ ಹಗ್ಗ, ಗೋಣಿ ಬಟ್ಟೆ, ಕೂರುವ ಎತ್ತರಕ್ಕೆ ಗಾರೆಯಿಲ್ಲದೆ ಜೋಡಿಸಿದ ಇಟ್ಟಿಗೆ, ಮೇಲೊಂದು ಪ್ಲೈ ಹಲಗೆ. ಗಂಟು ಕಲಿಸಲು ಸಾರುವೆ ಕಟ್ಟುವವರೊಬ್ಬರನ್ನು ಕೂಲಿ ಕೊಟ್ಟು ಅರ್ಧ ದಿನ ಕರೆಸಬೇಕು. ಅವರನ್ನು ‘ಸರ್’ ಎಂದು ಕರೆಯಿರಿ ಎಂದು ಮಕ್ಕಳಿಗೆ ಹೇಳಿಕೊಡಬೇಕಾಗುವುದಿಲ್ಲ, ಹಗ್ಗ ಬಿಗಿದ ಮೊದಲ ಗಂಟಿಗೇ ತಾವಾಗಿ ಕರೆಯುತ್ತಾರೆ.

ಇಲ್ಲಿ ಕೆಡುವುದು ಎರಡು. ಬಿದಿರಿಗೆ ಮೊಳೆ ಹೊಡೆದರೆ ಉದ್ದಕ್ಕೆ ಸೀಳುತ್ತದೆ. ಸಡಿಲ ಗಂಟು ಮರುದಿನ ಜಾರಿ ಚಾವಣಿ ಒಂದು ಗೇಣು ಇಳಿದಿರುತ್ತದೆ. ಗಿಣ್ಣಿನ ಮೇಲ್ಗಡೆಗೇ ಕಟ್ಟಿದರೆ ಗಿಣ್ಣು ತಡೆದು ನಿಲ್ಲಿಸುತ್ತದೆ. ಏಣಿ ಹತ್ತುವುದು ದೊಡ್ಡವರು ಮಾತ್ರ. ಮೂರು ಜನ ಕೆಳಗೆ ಹಿಡಿದಿಲ್ಲದೆ ಕಂಬ ಎತ್ತುವಂತಿಲ್ಲ.

ಪೋಷಕರು ಬಂದ ದಿನ

ಕೊನೆಯ ಪ್ರದರ್ಶನವನ್ನು ಸಂಜೆ ನಾಲ್ಕಕ್ಕೇ ಇಡಬೇಕು, ಅಂಗಳದಲ್ಲೇ ಇಡಬೇಕು. ಬೆಳಗ್ಗೆ ಇಟ್ಟರೆ ಚಪ್ಪರ ಸುಮ್ಮನೆ ಚಪ್ಪರ. ಪ್ರತಿ ತಂಡ ತನ್ನ ಐದನೇ ದಿನದ ಮಾದರಿಯನ್ನೂ ಒಂಬತ್ತನೇ ದಿನದ ಮಾದರಿಯನ್ನೂ ಪಕ್ಕಪಕ್ಕದಲ್ಲಿಟ್ಟು, ಏನು ಬದಲಾಯಿತು, ಯಾಕೆ ಎಂದಷ್ಟೇ ಹೇಳಬೇಕು. ಮೊದಲ ಮಾದರಿಯನ್ನು ಎಸೆಯಲು ಮಕ್ಕಳು ಬಹಳ ಪ್ರಯತ್ನಪಡುತ್ತಾರೆ. ಅದನ್ನು ಶುಕ್ರವಾರವೇ ಎತ್ತಿಟ್ಟು ಬೀರುವಿಗೆ ಬೀಗ ಹಾಕಿಟ್ಟುಕೊಳ್ಳುವುದು ಕ್ಷೇಮ.

ಪೋಷಕರ ಪ್ರಶ್ನೆಗಳು ಬಹುತೇಕ ಮೂರು. ಸಿವಿಲ್ ಇಂಜಿನಿಯರಿಂಗಿಗೂ ಇದಕ್ಕೂ ಏನು ವ್ಯತ್ಯಾಸ? ಚಪ್ಪರವನ್ನೇ ತೋರಿಸಿ ಹೇಳಬಹುದು: ಈ ಬಿದಿರು ಎಷ್ಟು ಭಾರ ಹೊರುತ್ತದೆ, ಗಂಟು ಎಷ್ಟು ಎಳೆತ ತಡೆಯುತ್ತದೆ ಎಂಬುದು ಅವರ ಕೆಲಸ. ಕೂರುವ ಹಲಗೆ ಒಂದು ಮೊಳ ಎತ್ತರ ಯಾಕಿರಬೇಕು ಎಂಬುದು ಇವರದು. ವಾಸ್ತು ಹೇಳಿಕೊಡುತ್ತೀರಾ? ಇಲ್ಲ. ಬಿಸಿಲು, ಗಾಳಿ, ನೀರು ಹೇಳಿಕೊಡುತ್ತೇವೆ. ಎಂಟ್ರೆನ್ಸ್ ಹೇಗೆ? ಇದಕ್ಕೆ ಒಂದು ಪುಟದ ಹಾಳೆ ಅಚ್ಚು ಹಾಕಿಸಿ ಕೊಡುವುದು ಒಳ್ಳೆಯದು. ಬಿ.ಆರ್ಕ್ ಐದು ವರ್ಷ, ಹತ್ತು ಸೆಮಿಸ್ಟರ್. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ ನಾಟಾ ಪರೀಕ್ಷೆ 200 ಅಂಕದ್ದು, ಅದರಲ್ಲಿ ಕೈಯಲ್ಲಿ ಬಿಡಿಸುವ ಭಾಗವೂ ಕಂಪ್ಯೂಟರಿನಲ್ಲಿ ಉತ್ತರಿಸುವ ಭಾಗವೂ ಇವೆ. ರಾಜ್ಯದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಆ ಅಂಕವನ್ನೂ ಪಿಯುಸಿ ಅಂಕವನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತದೆ. ಜೆಇಇ ಮೇನ್‌ನಲ್ಲಿ ಬಿ.ಆರ್ಕ್‌ಗೆಂದೇ ಬೇರೆ ಪತ್ರಿಕೆಯಿದೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್‌ನಲ್ಲಿ ನೋಂದಣಿಯಾದವರಷ್ಟೇ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಪರೀಕ್ಷೆಯ ನಿಯಮಗಳು ಆಗಾಗ ಬದಲಾಗುವುದರಿಂದ ಆ ವರ್ಷದ ಮಾಹಿತಿ ಪುಸ್ತಿಕೆ ನೋಡಲೇಬೇಕು ಎಂಬ ಸಾಲು ದಪ್ಪಕ್ಷರದಲ್ಲಿರಲಿ.

ಹತ್ತು ದಿನದ ಕೊನೆಗೆ ‘ನನಗಿದು ಬೇಡ’ ಎನ್ನುವ ಮಕ್ಕಳೂ ಇರುತ್ತಾರೆ. ಚಿತ್ರ ಚೆನ್ನಾಗಿ ಬಿಡಿಸುವವರಲ್ಲೇ ಇಂಥವರು ಸಿಗುತ್ತಾರೆ. ತಿದ್ದುವುದು ಅವರಿಗೆ ಒಗ್ಗುವುದಿಲ್ಲ, ಮೊದಲ ಗೆರೆಯೇ ಚೆಂದ ಬಂದಿರುತ್ತದಲ್ಲ. ಅಂಥವರ ಪೋಷಕರಿಗೆ ಬೇಸರವಾಗುತ್ತದೆ, ಶಿಬಿರಕ್ಕೆ ಕೊಟ್ಟ ದುಡ್ಡು ಹೋಯಿತೆಂದು. ಐದು ವರ್ಷದ ಫೀಸು ಉಳಿಯಿತು ಎಂದು ಲೆಕ್ಕ ಹಾಕಿ ತೋರಿಸಿದರೆ ನಗುತ್ತಾರೆ.

ಚಪ್ಪರವನ್ನು ಅದೇ ಸಂಜೆ ಬಿಚ್ಚಬೇಕು. ರಾತ್ರಿ ಗಾಳಿ-ಮಳೆಗೆ ಬಿಟ್ಟು ಹೋಗುವಂತಿಲ್ಲ, ಬಿದಿರು ಬಾಡಿಗೆಯದು. ಹಗ್ಗ ಕತ್ತರಿಸದೆ ಗಂಟು ಬಿಚ್ಚಿ ಸುತ್ತಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ. ಬ್ಲೇಡಿನ ತುಣುಕುಗಳ ಡಬ್ಬಿಗೆ ಟೇಪು ಸುತ್ತಿ, ಮೇಲೆ ‘ಬ್ಲೇಡು’ ಎಂದು ಬರೆದು ಕಸದ ಗಾಡಿಯವರ ಕೈಗೇ ಹೇಳಿ ಕೊಡಬೇಕು.